ತುಂಗವ್ವನ ಅಕ್ಕಿಕಾಳು

ಪುಸ್ತಕ ತೆರೆದ ಕೂಡಲೇ ಅರಿಶಿಣದ ಅಕ್ಕಿಕಾಳೊಂದು ಜಾರಿ ಮಡಿಲಿಗೆ ಬಿತ್ತು. ಮೂಸಿ ನೋಡಿದೆ. ಅರಿಶಿಣದ ವಾಸನೆ ಎಂದೋ ಹೋಗಿತ್ತು. ಹಳೇ ಕಾಗದದ ಜೊತೆ ಬಂದದ್ದು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟ ಎಲೆಯ ವಾಸನೆ. ನಿಜವೋ, ನನಗೆ ಹಾಗೆ ಅನಿಸಿತೋ, ಹೇಳಲಾರೆ. ಸವಣೂರಿನ ನಮ್ಮ ಪಡಸಾಲೆ ಕಣ್ಣ ಮುಂದೆ ಬಂತು. ಗೋಡೆಗೆ ಒರಗಿ, ಕಾಲು ಚಾಚಿ ಕುಳಿತ ಆಯಿ, ಅಂದರೆ ಅಪ್ಪನ ಅವ್ವ. ಅವಳ ಎರಡೂ ಪಕ್ಕ ಅವ್ವ, ಚಿಗವ್ವ. ಮೂವರ ನಡುವೆ ತೋಟದಿಂದ ಆಗಷ್ಟೇ ಬಂದ ವೀಳ್ಯದೆಲೆಯ ರಾಶಿ. ಆ ಮನೆ ಈಗಿಲ್ಲ. ಅಲ್ಲೊಂದು ಮೊಬೈಲ್ ಅಂಗಡಿ, ಅದರ ಮಗ್ಗುಲಿಗೆ ಖಾರ, ಅಂದರೆ ಕರಿದ ಕುರುಕಲು ತಿಂಡಿ ಮಾರುವ ಅಂಗಡಿ. ಆ ಕಡೆ ಹೋದಾಗ ಖಾರ ಕಟ್ಟಿಸಿಕೊಳ್ಳುತ್ತೇನೆ, ಒಳಗೆ ಮಾತ್ರ ಇಣುಕುವುದಿಲ್ಲ.

ಆಗ ನಾನು ಡಿಗ್ರಿ ಎರಡನೇ ವರ್ಷ. ಕನ್ನಡಕ್ಕೆ ಒಂದು ಕಾದಂಬರಿ ಪಠ್ಯವಾಗಿತ್ತು. ನನ್ನ ಓದು ಎಂಥದೆಂದರೆ, ಕೈಯಲ್ಲಿ ಪೆನ್ಸಿಲ್, ಕಣ್ಣು ಹತ್ತು ಅಂಕದ ಪ್ರಶ್ನೆಯ ಮೇಲೆ, ನಾಲ್ಕು ಪುಟಕ್ಕೊಂದು ಆಕಳಿಕೆ. ನಿದ್ದೆ ಬಾರದಿರಲಿ ಅಂತ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದತೊಡಗಿದೆ. ಮೂರನೇ ದಿನ ನಾನು ಪುಸ್ತಕ ಮುಚ್ಚಿದಾಗ ಆಯಿ ಎಲೆಯಿಂದ ತಲೆ ಎತ್ತದೆ ಕೇಳಿದಳು: "ಯಾಕ ನಿಂತಿ? ಆ ಹುಡುಗಿ ತುಂಗವ್ವ ಹೊಳಿ ದಂಡಿಗೆ ನಿಂತಿದ್ಲಲ್ಲ, ದಾಟಿದ್ಲೋ ಇಲ್ಲೋ?"

ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಪ್ರತಿ ಶ್ರಾವಣ ಮಠದಲ್ಲಿ ಪುರಾಣ ಕೇಳುತ್ತಿದ್ದಳು. ಅಲ್ಲಿ ಮದುವೆಯ ಪ್ರಸಂಗ ಬಂದರೆ ಜನ ಅಕ್ಕಿಕಾಳು ಹಾಕುತ್ತಾರೆ, ಕೂಸು ಹುಟ್ಟಿದರೆ ನಿಜವಾಗಿಯೇ ತೊಟ್ಟಿಲು ಕಟ್ಟಿ ತೂಗುತ್ತಾರೆ. ಗಟ್ಟಿಯಾಗಿ ಓದಿದ್ದೆಲ್ಲ ಅವಳಿಗೆ ಪುರಾಣವೇ. ತುಂಗವ್ವನ ಮದುವೆಯ ಅಧ್ಯಾಯದ ದಿನ ಒಳಗೆ ಹೋಗಿ, ಅಕ್ಕಿಗೆ ಅರಿಶಿಣ ಹಚ್ಚಿಕೊಂಡು ಬಂದು, ಎಲ್ಲರ ಮುಷ್ಟಿಗೂ ಹಾಕಿದಳು. "ತಾಳಿ ಕಟ್ಟೂ ಹೊತ್ತಿಗೆ ಹೇಳವಾ, ಸುಮ್ಮನ ಮುಂದ ಓಡಬ್ಯಾಡ." ನಾಚಿಕೆಯಿಂದ ಸತ್ತೇ ಹೋಗುತ್ತೇನೆ ಅನಿಸಿತ್ತು. ಆದರೂ ಆ ಸಾಲು ಬಂದಾಗ ನನ್ನ ದನಿಯೇ ಏರಿತು. ಪುಸ್ತಕದ ಮೇಲೆ, ಎಲೆಯ ಮೇಲೆ, ನನ್ನ ತಲೆಯ ಮೇಲೆ ಅಕ್ಕಿಕಾಳು ಬಿದ್ದವು. ಚಿಗವ್ವ ಎಲ್ಲರಿಗೂ ಸಕ್ಕರೆ ಕೊಟ್ಟಳು.

ಮರುದಿನ ಕ್ಲಾಸಿನಲ್ಲಿ ಪುಸ್ತಕ ಬಿಡಿಸಿದರೆ ಬೆಂಚಿನ ತುಂಬ ಅಕ್ಕಿ! ಪಕ್ಕದಲ್ಲಿದ್ದ ಗೆಳತಿ ಮೆಹರೂನ ಬಾಯಿಗೆ ಓಢಣಿ ಒತ್ತಿಕೊಂಡಳು. ಕನ್ನಡದ ಮೇಡಂ ಕೇಳಿದರು, ಹೇಳಲೇಬೇಕಾಯಿತು. ಎಲ್ಲರೂ ನಕ್ಕರು. ಮೇಡಂ ಮಾತ್ರ ನಗಲಿಲ್ಲ. "ಇವರ ಆಯಿ ಓದಾಕತ್ತಾರ. ನೀವೆಲ್ಲ ಬರೇ ಪುಟಾ ತಿರುವಾಕತ್ತೀರಿ" ಅಂದರು. ಆ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಲ್ಲಿಂದಾಚೆ ಕಾಲೇಜು ಬಿಟ್ಟೊಡನೆ ಮನೆಗೆ ಓಡುತ್ತಿದ್ದೆ, ಮುಂದೇನು ಮುಂದೇನು ಅಂತ. ಪೆನ್ಸಿಲ್ ಎಲ್ಲಿ ಕಳೆಯಿತೋ ಗೊತ್ತೇ ಆಗಲಿಲ್ಲ. ಗಟ್ಟಿಯಾಗಿ ಓದಿದರೆ ಕೇಳುವ ಜನ ನಿಮ್ಮ ಮನೆಯಲ್ಲೂ ಇದ್ದಿದ್ದರೆ, ಆ ಹುಚ್ಚು ನಿಮಗೂ ಗೊತ್ತಿರುತ್ತದೆ.

ಕಾದಂಬರಿಯ ಕೊನೆಯ ಬಗ್ಗೆ ಬರೆದುಕೊಂಡು ಬರಲು ಮೇಡಂ ಹೇಳಿದ್ದರು. ಅದಕ್ಕಾಗಿ ಕಡೆಯ ಅಧ್ಯಾಯವನ್ನು ಒಬ್ಬಳೇ ಮೊದಲೇ ಓದಿದೆ. ಹೆರಿಗೆಯಲ್ಲಿ ತುಂಗವ್ವ ಸಾಯುತ್ತಾಳೆ. ತೋಟದ ಬದುವಿನಲ್ಲಿ ಕೂತು ಅತ್ತೆ. ಮನೆಗೆ ಬಂದರೆ ಆಯಿ ತನ್ನ ಮೆತ್ತನೆಯ ಇಳಕಲ್ ಸೀರೆ ತೆಗೆದಿಟ್ಟಿದ್ದಾಳೆ, ತುಂಗವ್ವನ ಕೂಸಿನ ತೊಟ್ಟಿಲಿಗೆ! ತಾನೇ ಅಕ್ಕಿಕಾಳು ಹಾಕಿ ಮದುವೆ ಮಾಡಿದ ಹುಡುಗಿ ಸತ್ತಳೆಂದು ಅವಳಿಗೆ ಹೇಗೆ ಓದಲಿ? ಕಣ್ಣು ಪುಟದ ಮೇಲಿಟ್ಟು, ಅಲ್ಲಿಲ್ಲದ ಸಾಲುಗಳನ್ನು ಓದಿದೆ. ಹೆಣ್ಣು ಕೂಸು ಹುಟ್ಟಿತು, ತುಂಗವ್ವ ಬದುಕಿದಳು, ಮಗ್ಗುಲಾಗಿ ಕೂಸಿನ ಮುಖ ನೋಡಿದಳು. ಆಯಿ ಸೀರೆ ಕಟ್ಟಿಸಿ, ಪುಸ್ತಕವನ್ನೇ ಅದರೊಳಗೆ ಮಲಗಿಸಿ ತೂಗಿದಳು. ಒಂದು ಜೀವ ಉಳಿಸಿದೆ ಅಂತ ನಾನು ಉಬ್ಬಿಹೋಗಿದ್ದೆ. "ಛಲೋ ಓದ್ತಿ ಬಿಡವಾ" ಅಂದಳು ಆಯಿ, ನನ್ನನ್ನೇ ನೋಡುತ್ತ.

ಪರೀಕ್ಷೆಗೆ ನೋಟ್ಸೇ ಸಾಕಾಯಿತು. ಪುಸ್ತಕ ಟ್ರಂಕು ಸೇರಿತು. ಮುಂದೆ ಆಯಿ ಹೋದಳು, ಮನೆಯೂ ಹೋಯಿತು. ಇಂದು ಆ ಕಾಳು ಬಿದ್ದದ್ದಕ್ಕೆ ಪುಟ ತಿರುವುತ್ತ ತಿರುವುತ್ತ ಕಡೆಯ ಅಧ್ಯಾಯಕ್ಕೆ ಬಂದೆ. ತುಂಗವ್ವ ಸಾಯುವ ಪುಟದ ಮೇಲೆ, ಸತ್ತವರ ಹಣೆಗೆ ಹಚ್ಚುವಂತೆ, ಮೂರು ಬೆರಳಿನ ವಿಭೂತಿ. ಒಣಗಿದ ಒಂದು ಬಿಲ್ವಪತ್ರಿಯ ಎಸಳು. ಅಕ್ಷರ ಬಾರದ ಆಯಿಗೆ ಆ ಪುಟ ತೋರಿಸಿದವರು ಯಾರು?

ಅದೇ ಪುಸ್ತಕ ಓದಿದ್ದವಳು, ಆಗ ನಮ್ಮ ಮನೆಗೆ ಬಂದುಹೋಗುತ್ತಿದ್ದವಳು ಮೆಹರೂನ; ಈಗ ಬಂಕಾಪುರದಲ್ಲಿರುವ ಅವಳಿಗೆ ಫೋನ್ ಮಾಡಿದೆ. "ನಾನ ಓದಿ ಹೇಳಿದ್ದೆ" ಅಂದಳು. "ಕೂಸು ಹುಟ್ಟಿದ್ದು ಓದುವಾಗ ನಿನ್ನ ಕಣ್ಣಾಗ ನೀರಿತ್ತಂತ. ಅದಕ್ಕ ಆಯಿಗೆ ಸಂಶೆ ಬಂತು. ನೀ ಶಿಗ್ಗಾವಿಗೆ ಹೋದಾಗ ನನ್ನ ಕರದು ಓದಿಸಿದ್ಲು."

"ನನಗ್ಯಾಕ ಹೇಳಲಿಲ್ಲ?"

"ಬ್ಯಾಡ ಅಂದಿದ್ಲು. ನಮ್ಮ ಹುಡುಗಿ ಅಷ್ಟ ಬಡದಾಡಿ ತುಂಗವ್ವನ್ನ ಉಳಿಸ್ಯಾಳ, ಆಕೀ ಪಾಲಿಗೆ ಬದುಕಿರಲಿ ಅಂದ್ಲು."

ಫೋನ್ ಇಟ್ಟೆ. ಕಾಳನ್ನು ಮದುವೆಯ ಪುಟಕ್ಕೇ ಸೇರಿಸಿದೆ. ಆಮೇಲೆ, ಕೇಳುವವರು ಯಾರೂ ಇಲ್ಲದ ಕೋಣೆಯಲ್ಲಿ, ಕಡೆಯ ಅಧ್ಯಾಯವನ್ನು ಇದ್ದದ್ದು ಇದ್ದಂತೆ ಆಯಿಗೆ ಗಟ್ಟಿಯಾಗಿ ಓದಿದೆ.