ಇಸ್ಫರಾಕ್ಕೆ ಹೋಗದ ಕೆಮ್ಮು

ಖುಜಂದ ಪಟ್ಟಣದ ನಮ್ಮ ಓಣಿಯಲ್ಲಿ ಆ ಕಾಲಕ್ಕೆ ಗಡಿಯಾರಕ್ಕೆ ಅಂಥ ಕೆಲಸವಿರಲಿಲ್ಲ. ಬೆಳಗ್ಗೆ ಹೈದರ್‌ಕುಲ್ ಮೇಷ್ಟ್ರು ಕೆಮ್ಮಿದರೆಂದರೆ ರೊಟ್ಟಿಯಂಗಡಿಯವನು ತಂದೂರಿಗೆ ಬೆಂಕಿ ಹಾಕುತ್ತಿದ್ದ, ನನ್ನಮ್ಮ ಚಹಾಕ್ಕೆ ನೀರಿಡುತ್ತಿದ್ದಳು.

ಮೇಷ್ಟ್ರು ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಹಾಗಾಗಿ ಕೆಮ್ಮಿನ ವಿಷಯದಲ್ಲಿ ಬೇರೆಯವರು ಬಾಯಿ ಹಾಕುವಂತಿರಲಿಲ್ಲ. “ಇದು ನಿಮ್ಮಂಥವರ ಕೆಮ್ಮಲ್ಲಪ್ಪಾ, ಮೂವತ್ತು ವರ್ಷದ ಆಮ್ಲದ ಹೊಗೆ” ಎಂದು ಪದಕ ತೋರಿಸುವವರ ಹಾಗೆ ಎದೆ ತಟ್ಟಿಕೊಳ್ಳುತ್ತಿದ್ದರು. ಓಣಿಯವರು ಬಿಡಲಿಲ್ಲ. ಒಬ್ಬರು ಕುರಿಬಾಲದ ಕೊಬ್ಬನ್ನು ಬಿಸಿ ಹಾಲಿಗೆ ಹಾಕಿ ಕುಡಿಸಿದರು. ನಾನು ಕಪ್ಪು ಮೂಲಂಗಿ ಕೊರೆದು ಜೇನು ತುಂಬಿ ಕೊಟ್ಟೆ. ಜೇನು ಚೆನ್ನಾಗಿದೆ ಎಂದರು, ಕೆಮ್ಮು ಹಾಗೇ ಇತ್ತು.

ಮೇಷ್ಟ್ರ ಮನೆಯೊಳಗೆ ಮಾತ್ರ ಇದು ತಮಾಷೆಯಾಗಿರಲಿಲ್ಲ. ಹೆಂಡತಿ ಮುಹರ್ರಮಾ ಕ್ಷಯವೆಂದು ಹೆದರಿ ಅವರ ಚಹಾ ಬಟ್ಟಲನ್ನು ಬೇರೆ ಇಟ್ಟಿದ್ದಳು. ಆ ಚಳಿಗಾಲ ಮೇಷ್ಟ್ರು ಮಾಳಿಗೆಯ ಏಣಿ ಹತ್ತುವಾಗ ನಡುವೆ ನಿಂತು ಉಸಿರು ಹುಡುಕತೊಡಗಿದರು. ಮಾಳಿಗೆಯ ಮೇಲೆ ಅವರ ನಲವತ್ತು ಪಾರಿವಾಳಗಳಿದ್ದವು.

ಕೊನೆಗೆ ಆಸ್ಪತ್ರೆಗೆ ಎಳೆದೊಯ್ದವನು ನಾನೇ. ಡಾಕ್ಟರು ಗುಲ್‌ಚೆಹ್ರಾ, ಮೇಷ್ಟ್ರದೇ ಹಳೆಯ ಶಿಷ್ಯೆ. ಕಫ ನೋಡಿದಳು, ಕ್ಷಯವಲ್ಲ. ಎದೆಯ ಚಿತ್ರ ನೋಡಿದಳು, ಮುಖ ಗಂಟಾಯಿತು.

“ಮೇಷ್ಟ್ರೇ, ಕೆಮ್ಮೇ ಇಲ್ಲದ ದಿನ ಯಾವಾಗ್ಲಾದ್ರೂ ಇತ್ತಾ?”

“ಇತ್ತಲ್ಲ! ಇಸ್ಫರಾದಲ್ಲಿ ಮಗಳ ಮನೇಲಿ ಇಪ್ಪತ್ತು ದಿನ. ಅಲ್ಲಿನ ಜರ್ದಾಲು ಹಣ್ಣು ತಿಂದೆ ನೋಡು, ಕೆಮ್ಮು ಓಡೇಹೋಯ್ತು. ಬರ್ಕೋ, ಬೇರೆಯವ್ರಿಗೂ ಉಪಯೋಗಕ್ಕೆ ಬರುತ್ತೆ. ಎರಡು ಮೂಟೆ ಕಟ್ಕೊಂಡೂ ಬಂದೆ.”

“ಬಂದ್ಮೇಲೆ?”

“ಮೂರೇ ದಿನಕ್ಕೆ ಮತ್ತೆ ಶುರು. ಹಣ್ಣು ಪ್ರಯಾಣದಲ್ಲಿ ಸತ್ವ ಕಳ್ಕೊಂಡಿರ್ಬೇಕು.”

“ಪಾರಿವಾಳಗಳನ್ನೂ ಇಸ್ಫರಾಕ್ಕೆ ಕರ್ಕೊಂಡ್ ಹೋಗಿದ್ರಾ?”

“ಮೊಮ್ಮಗನ ಸುನ್ನತಿ ಊಟಕ್ಕೆ ಯಾರಮ್ಮಾ ಪಾರಿವಾಳ ಕರ್ಕೊಂಡ್...” ಮೇಷ್ಟ್ರು ತಮ್ಮ ತೋಳಿಗಂಟಿದ್ದ ಗರಿಯೊಂದನ್ನು ನೋಡಿಕೊಂಡರು.

“ಗರಿ ಧೂಳು, ಹಿಕ್ಕೆ ಧೂಳು ನಿಮ್ಮ ಎದೆಗೆ ಆಗ್ತಿಲ್ಲ. ಮಾತ್ರೆ ಕೊಡ್ತೀನಿ. ಆದ್ರೆ ಗೂಡಿಗೆ ಹೋಗೋದು ಬಿಡ್ಲಿಲ್ಲ ಅಂದ್ರೆ ಶ್ವಾಸಕೋಶ ಗಟ್ಟಿಯಾಗ್ಬಿಡುತ್ತೆ. ಆಮೇಲೆ ನನ್ನ ಕೈಲೂ ಏನೂ ಆಗಲ್ಲ.”

“ನಿಂಗೆ ರಸಾಯನಶಾಸ್ತ್ರದಲ್ಲಿ ಐದಕ್ಕೆ ಮೂರು ಕೊಟ್ಟಿದ್ದೆ ನಾನು” ಎಂದರು ಮೇಷ್ಟ್ರು.

“ಹೌದು ಮೇಷ್ಟ್ರೇ. ಆ ಮೂರರಲ್ಲೇ ಡಾಕ್ಟರಾದೆ.”

ಒಂದು ವಾರ ಮೇಷ್ಟ್ರು ಏಣಿಯ ಬುಡದವರೆಗೆ ಹೋಗಿ ಹೋಗಿ ಹಿಂತಿರುಗಿದರು. ಎಂಟನೆಯ ದಿನ, ಕಾಲುವೆಯಾಚೆಯ ಯೋದ್ಗೊರನನ್ನು ಕರೆಸಿದರು. ನಲವತ್ತು ವರ್ಷದಿಂದ ಆಕಾಶದಲ್ಲಿ ಇವರ ಎದುರಾಳಿ ಅವನು. ಇವರ ಹಕ್ಕಿ ಅವನ ಮಾಳಿಗೆಗೆ ಇಳಿದರೆ ಅದು ಅವನದು, ಅವನದು ಇಲ್ಲಿಗಿಳಿದರೆ ಇವರದು.

“ಹಕ್ಕಿ, ಗೂಡು, ಎಲ್ಲಾ ತಗೊಂಡ್ಹೋಗು” ಎಂದರು. “ರೆಕ್ಕೆ ಕಟ್ಟಿಡು, ಇಲ್ದಿದ್ರೆ ವಾಪಸ್ ಬರ್ತವೆ. ಬಿಳಿ ಜುಟ್ಟಿನದು ಕೈಯಿಂದ ತಿನ್ನಿಸಿದ್ರೇ ತಿನ್ನೋದು.”

ಯೋದ್ಗೊರ್ ಗೆದ್ದವನ ಹಾಗೆ ಬಂದಿದ್ದವನು ಬುಟ್ಟಿಗಳನ್ನೂ ಕಳಚಿದ ಗೂಡಿನ ಹಲಗೆಗಳನ್ನೂ ಹೊತ್ತು ತಲೆ ತಗ್ಗಿಸಿಕೊಂಡು ಹೋದ. ಹಿಂದೆಯೇ ಮೇಷ್ಟ್ರು ತಮ್ಮ ಏಣಿಯನ್ನೂ ಅಲ್ಲಲ್ಲಿ ಇಳಿಸಿ ಸುಧಾರಿಸಿಕೊಳ್ಳುತ್ತ ಹೊತ್ತೊಯ್ದು ಅವನ ಗೋಡೆಗೆ ಒರಗಿಸಿ ಬಂದರು.

ವಸಂತಕ್ಕೆ ಕೆಮ್ಮು ಕರಗಿತು. ಚಹಾ ಬಟ್ಟಲು ಉಳಿದ ಬಟ್ಟಲುಗಳ ಸಾಲಿಗೆ ಮರಳಿತು. ರೊಟ್ಟಿಯಂಗಡಿಯವನು ಎರಡು ದಿನ ತಡವಾಗಿ ಎದ್ದು ಬೈಸಿಕೊಂಡ. ಒಂದು ಸಂಜೆ ನಮ್ಮ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದಾಗ, ಯೋದ್ಗೊರ್ ರೆಕ್ಕೆ ಬಿಚ್ಚಿ ಹಾರಿಸಿದ ಹಿಂಡು ಕಾಲುವೆಯ ಮೇಲೆ ಕಾಣಿಸಿತು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದರು. ವರ್ಷಗಟ್ಟಲೆ ಅರ್ಧಕ್ಕೇ ಕೆಮ್ಮಾಗಿ ಒಡೆಯುತ್ತಿದ್ದ ಆ ಶಿಳ್ಳೆ ಅಂದು ಉದ್ದಕ್ಕೆ, ಒಂದೇ ಉಸಿರಿನಲ್ಲಿ ಹೊಮ್ಮಿತು.

ಹಿಂಡು ಗಕ್ಕನೆ ತಿರುಗಿ ನಮ್ಮ ಓಣಿಯ ಮೇಲೆ ಬಂತು.

ಆಚೆಯಿಂದ ಯೋದ್ಗೊರನ ಕೂಗು: “ಮೇಷ್ಟ್ರೇ! ನಿಮ್ಮ ದಮ್ಮಯ್ಯಾ, ಸ್ವಲ್ಪ ಕೆಮ್ಮಿ!”

ಮೇಷ್ಟ್ರು ಹಕ್ಕಿಗಳನ್ನೇ ನೋಡುತ್ತಿದ್ದರು. ಅವು ಮೂರು ಸುತ್ತು ಹಾಕಿ, ಗೂಡಿಲ್ಲದ ಮಾಳಿಗೆ ಕಂಡು ಹಿಂದಿರುಗುವವರೆಗೂ ಇನ್ನೊಂದು ಶಿಳ್ಳೆ ಹೊರಡದಂತೆ ಅಂಗೈಯಿಂದ ಬಾಯಿ ಮುಚ್ಚಿಕೊಂಡೇ ಕೂತಿದ್ದರು.