ರೋಹಿಣಿಗೆ ನಾಲ್ಕು ತಿಂಗಳು

ಕೋಣನಕುಂಟೆಯ ನಾರಾಯಣಮ್ಮ ಹಾವಿಗೆ ಹೆದರಿದವಳಲ್ಲ. ಬೇಗೂರಿನಿಂದ ಹದಿನೇಳಕ್ಕೆ ಸೊಸೆಯಾಗಿ ಬಂದಾಗ ಇಲ್ಲೆಲ್ಲ ರಾಗಿ ಹೊಲ. ಕಳೆ ಕೀಳುವಾಗ ಕಾಲ ಬಳಿ ಹಾವು ಹರಿದರೆ ಅದು ದಾಟುವ ತನಕ ನಿಂತು, ಮತ್ತೆ ಬಗ್ಗುತ್ತಿದ್ದಳು. ಹೊಲ ಸೈಟಾಯಿತು, ಸೈಟಿನಲ್ಲಿ ಮನೆ ಎದ್ದಿತು, ಮಹಡಿಗೆ ಬಾಡಿಗೆಯವರು ಬಂದರು. ಮೂರನೇ ಕ್ಲಾಸು ಓದಿದವಳು ನೀರಿನ ಟ್ಯಾಂಕರಿನವನ ಹತ್ತಿರ ಜಗಳವಾಡಿ ಗೆದ್ದು ಬರುತ್ತಿದ್ದಳು.

ಅರವತ್ತೆರಡನೇ ವಯಸ್ಸಿನಲ್ಲಿ ಅವಳು ಹೆದರಿದ್ದು ಒಂದು ನಕ್ಷತ್ರಕ್ಕೆ.

ಸಂಕ್ರಾಂತಿ ಕಳೆದು ವಾರಕ್ಕೆ ಗಂಡ ಬೋರಣ್ಣ ಹೋದ. ಉಂಡು ಕುರ್ಚಿಯಲ್ಲಿ ಒರಗಿದವನು ಒಂದು ಸಲ ಉಸಿರು ಎಳೆದ, ಬಿಡಲಿಲ್ಲ. ಗೋಡೆ ಗಡಿಯಾರದಲ್ಲಿ ಎರಡೂವರೆ. ಮಗ ದಿನೇಶ್ ಹಾರ್ಡ್‌ವೇರ್ ಅಂಗಡಿಯಲ್ಲಿದ್ದ. ಸೊಸೆ ಶಾಲಿನಿ, ಏಳು ತಿಂಗಳ ಬಸುರಿ, ಒಳಗೆ ಮಲಗಿದ್ದಳು. ನಾರಾಯಣಮ್ಮ ಕೂಗಲಿಲ್ಲ. ಕೂಗಿದರೆ ಬೀದಿಯೆಲ್ಲ ಬರುತ್ತದೆ. ನಲವತ್ತೈದು ವರ್ಷದಲ್ಲಿ ಗಂಡನ ಕೈ ಹಿಡಿದು ಸುಮ್ಮನೆ ಕೂತದ್ದೇ ಇಲ್ಲ. ಹಿಡಿದು ಕೂತಳು. ಎದ್ದು ಕೂಗಿದಾಗ ಮೂರು ದಾಟಿತ್ತು. ನರ್ಸಿಂಗ್ ಹೋಮಿನ ಡಾಕ್ಟರು ನೋಡಿ, ಮೂರು ಇಪ್ಪತ್ತು ಎಂದು ಬರೆದುಕೊಟ್ಟರು.

ಆ ಚೀಟಿ ಹಿಡಿದು ಜೋಯಿಸರು ಪಂಚಾಂಗ ತೆಗೆದರು. ಎರಡು ಐವತ್ತಕ್ಕೆ ರೋಹಿಣಿ ಮುಗಿದಿತ್ತು. "ಬಚಾವಾದ್ರಿ. ರೋಹಿಣೀಲಿ ಹೋಗಿದ್ರೆ ನಾಲ್ಕು ತಿಂಗಳು ಮನೆ ಬಿಡ್ಬೇಕಿತ್ತು. ಬಿಡ್ದಿದ್ರೆ ಅದೇ ಮನೇಲಿ ಇನ್ನೊಂದು ಜೀವ ಕೇಳುತ್ತೆ," ಎಂದರು.

ಎಲ್ಲರಿಗೂ ಹಗುರವಾಯಿತು. ನಾರಾಯಣಮ್ಮನಿಗೆ ಮಾತ್ರ ಗೋಡೆ ಗಡಿಯಾರದ ಎರಡೂವರೆ ನೆನಪಾಯಿತು. ಹೇಳಿದರೆ ಮನೆಗೆ ಬೀಗ. ಅವನು ಕೂತು ಹೋದ ಜಾಗ ಬಿಟ್ಟು ಎಲ್ಲಿಗೆ ಹೋಗುವುದು? ಬಾಯಿ ಮುಚ್ಚಿಕೊಂಡಳು.

ಬಾಯಿ ಮುಚ್ಚಿದರೆ ಹೆದರಿಕೆ ಹೊಟ್ಟೆಗೆ ಇಳಿಯುತ್ತದೆ. ಶಾಲಿನಿ ಮೆಟ್ಟಿಲು ಇಳಿದರೆ ಇವಳೂ ಹಿಂದೆಯೇ ಇಳಿಯುತ್ತಿದ್ದಳು. ಕಾಲು ಊದಿದೆ ಎಂದರೆ, ಬಂತು ಅನ್ನಿಸುತ್ತಿತ್ತು. ಸೊಸೆ ಬಚ್ಚಲಲ್ಲಿ ಎರಡು ನಿಮಿಷ ತಡ ಮಾಡಿದರೆ ಬಾಗಿಲು ಬಡಿಯುತ್ತಿದ್ದಳು. ಮಾವ ಹೋದ ಮೇಲೆ ಅತ್ತೆಗೆ ನನ್ನ ಮೇಲೆ ಲವ್ ಜಾಸ್ತಿಯಾಗಿದೆ ಎಂದು ಶಾಲಿನಿ ಗಂಡನ ಹತ್ತಿರ ನಕ್ಕಳು.

ಮಹಡಿಯ ಬಾಡಿಗೆಯ ಶರ್ವಾಣಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು. ಫೆಬ್ರವರಿಯ ಒಂದು ಸಂಜೆ ತಾರಸಿಯಲ್ಲಿ ಬಟ್ಟೆ ತೆಗೆಯುವಾಗ ನಾರಾಯಣಮ್ಮ ಅವಳನ್ನು ಕೇಳಿದಳು, ರೋಹಿಣಿ ಕಣ್ಣಿಗೆ ಕಾಣುತ್ತದಾ ಎಂದು. ಶರ್ವಾಣಿ ನೆತ್ತಿಯ ಮೇಲೆ ಬೆರಳು ತೋರಿಸಿದಳು. ಕೆಂಪಗಿತ್ತು. ಊರಿನ ಅಷ್ಟು ದೀಪಗಳಿಗೂ ಮಂಕಾಗಿರಲಿಲ್ಲ.

ಕೇಳುವವರು ಸಿಕ್ಕರೆಂದು ಶರ್ವಾಣಿ ಹೇಳುತ್ತಾ ಹೋದಳು. ನಕ್ಷತ್ರಕ್ಕೂ ಹುಟ್ಟು ಇದೆ, ಮುಪ್ಪು ಇದೆ. ಒಡಲಲ್ಲಿ ಉರಿಯಲು ಇರುವ ತನಕ ನೆಟ್ಟಗಿರುತ್ತದೆ. ರೋಹಿಣಿಗೆ ನಡುವಿನದು ಉರಿದು ತೀರಿದೆ, ಅದಕ್ಕೇ ಊದಿ ಕೆಂಪಾಗಿದೆ. ಕೊನೆಗೆ ಮೈಯನ್ನೆಲ್ಲ ಸುತ್ತ ಉದುರಿಸಿ, ಒಳಗೆ ಒಂದು ಕೆಂಡ ಉಳಿಸುತ್ತದೆ. ಅದೂ ಆರುತ್ತಾ ಹೋಗುತ್ತದೆ. ಉದುರಿದ್ದು ಮುಂದೆ ಹುಟ್ಟುವ ನಕ್ಷತ್ರಗಳಿಗೆ ಮಣ್ಣು. ನಮ್ಮ ಮೂಳೆ, ರಕ್ತ ಎಲ್ಲ ಹಾಗೆ ಸತ್ತ ನಕ್ಷತ್ರಗಳು ಬಿಟ್ಟುಹೋದದ್ದೇ.

ನಾರಾಯಣಮ್ಮನಿಗೆ ಬೇಕಾದದ್ದು ಅದಲ್ಲ. "ಊದುವಾಗ ಹತ್ರ ಇರೋರ ಗತಿ?"

"ತೀರಾ ಹತ್ರ ಸುತ್ತೋ ಗ್ರಹ ಇದ್ರೆ ನುಂಗ್ಬಿಡುತ್ತೆ ಆಂಟಿ. ನಮ್ಮ ಸೂರ್ಯನೂ ಒಂದಿನ ಹಾಗೇ. ಅದಕ್ಕಿನ್ನೂ ಐನೂರು ಕೋಟಿ ವರ್ಷ ಇದೆ ಬಿಡಿ."

ಐನೂರು ಕೋಟಿ ಅವಳ ಕಿವಿಗೆ ಬೀಳಲಿಲ್ಲ. ನುಂಗುತ್ತದೆ ಅನ್ನುವುದು ಬಿತ್ತು. ಜೋಯಿಸರೂ ಅದನ್ನೇ ಹೇಳಿದ್ದರು, ಓದಿದವಳೂ ಅದನ್ನೇ ಹೇಳಿದಳು. ಬಟ್ಟೆ ಅಲ್ಲೇ ಬಿಟ್ಟು ಕೆಳಗಿಳಿದಳು.

ದಿನೇಶ್ ಕಾಫಿ ಕುಡಿಯುತ್ತಿದ್ದ. ನಿಂತೇ ಹೇಳಿದಳು. ನಿಮ್ಮಪ್ಪ ಹೋದದ್ದು ಎರಡೂವರೆಗೆ, ರೋಹಿಣಿಯಲ್ಲೇ. ನಾನು ಮುಚ್ಚಿಟ್ಟೆ. ಶಾಲಿನಿಯನ್ನು ಕರೆದುಕೊಂಡು ಮೊದಲು ಇಲ್ಲಿಂದ ಹೊರಡು.

ಅವನು ನಕ್ಷತ್ರದ ಮಾತೇ ಎತ್ತಲಿಲ್ಲ. ಲೋಟ ಕೆಳಗಿಟ್ಟ.

"ಅರ್ಧ ಗಂಟೆ ಸುಮ್ನೆ ಕೂತಿದ್ಯಾ? ಕೂಗಿದ್ರೆ ಅಪ್ಪ ಉಳೀತಿದ್ರೇನೋ ಅಮ್ಮ."

ಇಷ್ಟು ದಿನ ಅವಳು ಹೆದರಿದ್ದು ಆಕಾಶಕ್ಕೆ. ಈ ಮಾತು ಮನೆಯೊಳಗೇ ಕಾದಿದೆ ಎಂದು ಗೊತ್ತಿರಲಿಲ್ಲ. "ಉಸಿರಿರ್ಲಿಲ್ಲ ಕಣಪ್ಪ. ನಾನು ಕೈ ಹಿಡ್ಕೊಂಡಿದ್ದೆ," ಎಂದಳು. ಹೇಳುತ್ತಿದ್ದ ಹಾಗೆ ತನಗೇ ಖಾತ್ರಿ ಉಳಿಯಲಿಲ್ಲ. ಇತ್ತೋ ಏನೋ.

ವಸಂತಪುರದಲ್ಲಿ ಶಾಲಿನಿಯ ತವರು. ಎರಡು ದಿನದಲ್ಲಿ ಗಂಟುಮೂಟೆ ಕಟ್ಟಿದರು. ಮಹಡಿಯವರಿಗೆ ಬೇರೆ ಮೆಟ್ಟಿಲು, ಬೇರೆ ಒಲೆ, ಅವರಿಗೆ ತಟ್ಟುವುದಿಲ್ಲ ಎಂದು ಜೋಯಿಸರು ಹೇಳಿದರು. ಮನೆ ಬಿಟ್ಟರೆ ಒಳಗೆ ಯಾರೂ ಇರಬಾರದು, ಬಾಗಿಲಿಗೆ ಮುಳ್ಳು ಕಟ್ಟಬೇಕು. ದಿನೇಶ್ ಬೇಗೂರು ಕೆರೆಯ ಕಡೆಯಿಂದ ಜಾಲಿ ಕೊಂಬೆ ಕಡಿದು ತಂದ.

ನಾರಾಯಣಮ್ಮ ಹೊಸಿಲು ದಾಟಲಿಲ್ಲ. "ಹತ್ರ ಇರೋರನ್ನ ತಾನೆ ಅದು ನುಂಗೋದು? ನಾನಿರ್ತೀನಿ. ನಾನು ಸಿಕ್ರೆ ಮಗೀನ ತಂಟೆಗೆ ಬರಲ್ಲ."

ಶಾಲಿನಿ ಅತ್ತು ಕರೆದಳು. ಜೋಯಿಸರು ಫೋನಿನಲ್ಲಿ ಬೈದರು. ದಿನೇಶ್ ಮುಂಬಾಗಿಲು ಎಳೆದು ಮುಳ್ಳು ಕಟ್ಟಿದ.

ಈಗ ಅವಳು ಹಿತ್ತಿಲ ಬಾಗಿಲಲ್ಲಿ ಓಡಾಡುತ್ತಾಳೆ. ಹೊತ್ತು ಇಳಿಯುವ ಮೊದಲೇ ಕಿಟಕಿ ಮುಚ್ಚುತ್ತಾಳೆ. ಏಳಕ್ಕೆ ಮಗನ ಫೋನ್ ಬರುತ್ತದೆ.

"ಇದ್ದೀಯಾ?"

"ಇದ್ದೀನಿ."

ಅಷ್ಟೇ. ಕಟ್ ಮಾಡುತ್ತಾನೆ.