ಆಯ್ತಕ್ಕ ರಜೆ ಹಾಕಿದ ದಿನ

ಆಯ್ತಕ್ಕ ರಜೆ ಕೇಳಿದಾಗ ನಮ್ಮ ಹೋಟೆಲಿನ ಯಜಮಾನರ ಬಾಯಿಂದ ಮೊದಲು ಬಂದ ಮಾತು, "ಯಾರು ಹೋಗಿಬಿಟ್ರು?" ಎಂಬುದು. ತಪ್ಪು ಅವರದ್ದಲ್ಲ. ಈ ಹೋಟೆಲಿನಲ್ಲಿ ಬಡಿಸುವ ಕೆಲಸಕ್ಕೆ ಸೇರಿದಾಗಿನಿಂದ ಅವಳು ರಜೆ ಹಾಕಿದ್ದೆಲ್ಲ ಮನೆಯಲ್ಲಿ ಸಾವಾದಾಗಲೇ. ಅಪ್ಪ ಹೋದಾಗ ಒಂದು ಸಲ, ಗಂಡ ಹೋದಾಗ ಇನ್ನೊಂದು ಸಲ. ಯಾರೂ ಸಾಯದೆಯೂ ರಜೆ ಹಾಕಬಹುದು ಎಂಬುದು ಅವಳಿಗೇ ಅಷ್ಟಾಗಿ ಗೊತ್ತಿದ್ದಂತಿರಲಿಲ್ಲ.

"ಯಾರೂ ಹೋಗಿಲ್ಲ. ತಂಗಿ ಬರ್ತಿದಾಳೆ," ಎಂದಳು.

"ಓ, ಸರಿ. ಎಲ್ಲಿಗೆ ಕರ್ಕೊಂಡು ಹೋಗ್ತೀಯ?"

"ಇಲ್ಲಿಗೇ."

ಒಳಗೆ ಮೀನಿನ ಹುರುಪೆ ಕೆರೆಯುತ್ತಿದ್ದ ನಾನು ನಕ್ಕುಬಿಟ್ಟೆ. ಸಿಕ್ಕ ಒಂದು ರಜೆಯಲ್ಲೂ ಕೆಲಸದ ಜಾಗಕ್ಕೇ ಬರುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಲ್ಲಿಗೇ ಅಂದರೆ ಈ ಧಕ್ಕೆಗೆ. ಮರದ ಕಂಬಗಳ ಮೇಲೆ ಕಡಲೊಳಕ್ಕೆ ಉದ್ದಕ್ಕೆ ಚಾಚಿಕೊಂಡಿದೆ. ತುದಿಯಲ್ಲಿ ಗಾಳ ಹಾಕುವವರು, ನಡುವೆ ಮೀನು ಸೀಳುವ ಹಲಗೆ, ಆ ಹಲಗೆಯ ಸುತ್ತಲಿನ ಕಂಬಗಳ ಮೇಲೆ ಕೊಕ್ಕಿನಡಿ ಚೀಲ ಜೋತ ಹೆಜ್ಜಾರ್ಲೆ ಹಕ್ಕಿಗಳು, ದಡದ ಕಡೆ ನಮ್ಮ ಹೋಟೆಲು. ಬಂದವರು ಹಕ್ಕಿ ನೋಡುತ್ತಾರೆ, ಡಾಲ್ಫಿನ್ ಕಂಡೀತೇ ಎಂದು ಕಾಯುತ್ತಾರೆ, ಮರಳಲ್ಲಿ ಚಿಪ್ಪು ಆರಿಸುತ್ತಾರೆ, ಹಸಿವಾದ ಮೇಲೆ ನಮ್ಮ ಕಿಟಕಿ ಪಕ್ಕ ಕುಳಿತು ಹುರಿದ ಮೀನು ತಿಂದು "ಇಲ್ಲಿರೋರು ಪುಣ್ಯವಂತರು" ಅನ್ನುತ್ತಾರೆ. ಆ ಪುಣ್ಯವಂತರಲ್ಲಿ ನಾನೂ ಒಬ್ಬ. ಒಲೆ ಮುಂದೆ ನಿಂತು ನಿಂತು ನನ್ನ ಕಾಲಿನ ನರಗಳೆಲ್ಲ ಗಂಟು ಕಟ್ಟಿವೆ.

ಅವಳಿಗೆ ಆಯ್ತಕ್ಕ ಎಂದು ಹೆಸರಿಟ್ಟವನು ನಾನೇ. ಮೀನು ತಣ್ಣಗಾಗಿದೆ, ಬೇರೆ ತಾ ಅಂದರೆ ಆಯ್ತು. ಮಗು ವಾಂತಿ ಮಾಡಿದೆ, ಒರೆಸು ಅಂದರೆ ಆಯ್ತು. ಇನ್ನೊಬ್ಬಳು ಕೈ ಕೊಟ್ಟಿದ್ದಾಳೆ, ಅವಳ ಮೇಜುಗಳನ್ನೂ ನೀನೇ ನೋಡಿಕೋ ಅಂದರೂ ಆಯ್ತು. ರೇಗಿಸಲು ಕರೆದದ್ದು, ಆಮೇಲೆ ಯಜಮಾನರ ಬಾಯಲ್ಲೂ ಅದೇ ನಿಂತಿತು. ಬೇಜಾರಾಯ್ತಾ ಅಂತ ಒಮ್ಮೆ ಕೇಳಿದೆ. "ಆಯ್ತು ಬಿಡು ಅಣ್ಣ," ಅಂದಳು. ಇಂಥವಳ ಜೊತೆ ಜಗಳವಾದರೂ ಹೇಗೆ ಆಡುವುದು!

ಇಲ್ಲಿ ಕೆಲಸದವರು ಗಿರಾಕಿಗಳ ಮೇಜಿನಲ್ಲಿ ಕೂರುವುದಿಲ್ಲ. ಹಾಗಂತ ಯಾರೂ ಬೋರ್ಡು ಬರೆದು ಹಾಕಿಲ್ಲ. ಆದರೂ ಯಾರೂ ಕೂತದ್ದಿಲ್ಲ. ಜನ ಕಡಿಮೆಯಾದಾಗ ಅಡುಗೆಮನೆಯ ಕಟ್ಟೆಗೆ ಸೊಂಟ ಆನಿಸಿ, ನಿಂತೇ ನಾಲ್ಕು ತುತ್ತು ನುಂಗಿ, ಬಾಯಿ ಒರೆಸಿಕೊಂಡು ಹೊರಗೆ ಹೋಗುವುದು. ಆಯ್ತಕ್ಕ ಮನೆಯಲ್ಲೂ ನಿಂತೇ ಉಣ್ಣುತ್ತಾಳಂತೆ. ಕೂತರೆ ಗಂಟಲಲ್ಲಿ ಇಳಿಯುವುದಿಲ್ಲವಂತೆ.

ಮನೆಯಲ್ಲಿ ತಾಯಿ ಇದ್ದಾಳೆ. ಹಾಸಿಗೆ ಹಿಡಿದು ವರ್ಷಗಳಾದವು. ಹಗಲಿಡೀ ಮಲಗಿರುತ್ತಾಳೆ, ಕತ್ತಲಾದ ಮೇಲೆ ಕಣ್ಣು ಬಿಡುತ್ತಾಳೆ. ಆಮೇಲೆ ಬೆಳಗಾಗುವ ತನಕ ಒಂದೇ ಸಮ ಕರೆ: ನೀರು ಕೊಡು, ಮಗ್ಗುಲು ಬದಲಾಯಿಸು, ಬಾಗಿಲಲ್ಲಿ ಯಾರೋ ನಿಂತಿದಾರೆ ನೋಡು. ಹಗಲು ಪಕ್ಕದ ಮನೆಯಾಕೆ ಆಗಾಗ ಇಣುಕುತ್ತಾಳೆ, ರಾತ್ರಿ ಪೂರಾ ಇವಳದೇ ಪಾಳಿ. ಮುದುಕಿಗೆಂದು ನಾನು ದಿನಾ ಸಂಜೆ ಮೀನು ಬೇಯಿಸಿ, ಮುಳ್ಳು ತೆಗೆದು, ಮೆತ್ತಗೆ ಹಿಸುಕಿ ಡಬ್ಬಿಗೆ ಹಾಕಿ ಕೊಡುತ್ತೇನೆ. ಹಗಲು ಇಲ್ಲಿ, ರಾತ್ರಿ ಅಲ್ಲಿ, ನಿದ್ದೆ ಎಲ್ಲಿ ಅಂತ ಮಾತ್ರ ಕೇಳುವುದಿಲ್ಲ. ಮೊನ್ನೆ ಸೂಪಿನ ಬಟ್ಟಲು ಕೈಯಲ್ಲಿ ಹಿಡಿದು ನಿಂತಲ್ಲೇ ತೂಕಡಿಸಿದ್ದಳು.

ತಂಗಿಯನ್ನು ದೂರದ ಊರಿಗೆ ಕೊಟ್ಟಿದೆ, ಗಂಡನದು ಬಣ್ಣದಂಗಡಿ. ಕೆಟ್ಟವಳೇನಲ್ಲ. ವಾರವಾರ ಫೋನು ಮಾಡಿ "ಅಮ್ಮ ಹೇಗಿದಾಳೆ?" ಅನ್ನುತ್ತಾಳೆ. ಇವಳು "ಆರಾಮಾಗಿದಾಳೆ" ಅನ್ನುತ್ತಾಳೆ. ಹಾಗೆ ಹೇಳಿ ಹೇಳಿಯೇ ಕೆಟ್ಟಿದ್ದು. ಆರಾಮಾಗಿರುವ ತಾಯಿಯನ್ನು ಯಾರು ತಾನೇ ಓಡಿ ಬಂದು ನೋಡುತ್ತಾರೆ?

ರಜೆಯ ಹಿಂದಿನ ಸಂಜೆ ಡಬ್ಬಿ ತೆಗೆದುಕೊಳ್ಳಲು ಬಂದವಳು ಅಡುಗೆಮನೆಯಿಂದ ತಟ್ಟೆ ದಾಟಿಸುವ ಕಿಂಡಿಯ ಹತ್ತಿರ ನಿಂತೇ ಇದ್ದಳು.

"ಅಣ್ಣಾ, ಈ ಸಲ ಕೇಳೇಬಿಡ್ತೀನಿ."

"ಏನು?"

"ಇದೊಂದು ಚಳಿಗಾಲ ಅಮ್ಮನ್ನ ಕರ್ಕೊಂಡು ಹೋಗಿ ಇಟ್ಕೋ ಅಂತ. ನನ್ನ ಕೈಲಿ ಆಗ್ತಿಲ್ಲ. ಮೊನ್ನೆ ರಾತ್ರಿ ಕರೀತಾನೇ ಇದ್ಲು, ನಾನು ಏಳಲಿಲ್ಲ. ಎಚ್ಚರ ಇತ್ತು ಅಣ್ಣಾ. ಎಚ್ಚರ ಇದ್ದೂ ಏಳಲಿಲ್ಲ."

ಸಮಾಧಾನ ಹೇಳಲು ಬಾರದವನು ನಾನು, ಬೈಯಲು ಮಾತ್ರ ಬರುತ್ತದೆ. "ಕೇಳು ಮತ್ತೆ! ನಿನ್ನ ಒಡಹುಟ್ಟಿದವಳು ತಾನೇ, ಯಾವ ದೇಶದ ರಾಣಿ ಅಂತ ಹೆದರ್ತೀಯ?" ಅಂದೆ.

"ಆಯ್ತು," ಎಂದು ಡಬ್ಬಿ ಹಿಡಿದು ಹೋದಳು.

ತಂಗಿ ಆ ರಾತ್ರಿಯ ಬಸ್ಸಿಗೇ ಬಂದಿಳಿದಿದ್ದಳು, ಮರುದಿನ ಬೆಳಿಗ್ಗೆ ಇಬ್ಬರೂ ಬಂದರು. ಆಯ್ತಕ್ಕ ಪೆಟ್ಟಿಗೆಯ ತಳದಿಂದ ತೆಗೆದ ನೀಲಿ ಬಟ್ಟೆ ಉಟ್ಟಿದ್ದಳು, ಮಡಿಕೆಯ ಗೆರೆಗಳು ಹಾಗೇ ಇದ್ದವು. ನನ್ನ ಒಲೆಯ ಪಕ್ಕದ ಕಿಟಕಿಯಿಂದ ಧಕ್ಕೆಯೂ ಮರಳೂ ಪೂರ್ತಿ ಕಾಣುತ್ತವೆ. ಕಣ್ಣಿಗೆ ಬಿದ್ದದ್ದು ಕೆಲವು, ಅವಳೇ ಆಮೇಲೆ ಹೇಳಿದ್ದು ಕೆಲವು.

ಒಂದು ಹೆಜ್ಜಾರ್ಲೆ ಇಡೀ ಮೀನಿನ ತಲೆಯನ್ನು ಗಂಟಲ ಚೀಲಕ್ಕೆ ಇಳಿಸಿಕೊಂಡಾಗ ತಂಗಿ ಚಿಕ್ಕ ಹುಡುಗಿಯ ಹಾಗೆ ಕುಣಿದಳು. ಆ ಸೀಳುವ ಹಲಗೆಯ ಮುಂದೆಯೇ ಅವರ ತಾಯಿ ಜೀವಮಾನ ಸವೆಸಿದ್ದು. ಗಾಳ ಹಾಕುವವರ ಮೀನು ಸೀಳಿ ತೊಳೆದು ಕೊಡುವುದು ಅವಳ ಕಸುಬಾಗಿತ್ತು.

"ಅಮ್ಮ ಇಲ್ಲೇ ನಿಂತಿರ್ತಿದ್ಲು ಅಲ್ವಾ ಅಕ್ಕ? ಕರುಳು ಎಸೆದ್ರೆ ಹಕ್ಕಿಗಳು ಗಾಳೀಲೇ ಹಿಡೀತಿದ್ವು," ಎಂದಳು ತಂಗಿ.

ಅಮ್ಮನ ಮಾತನ್ನು ಅವಳೇ ತೆಗೆದಳು. ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೇ? ಆಯ್ತಕ್ಕ ಗಂಟಲು ಸರಿಮಾಡಿಕೊಂಡಳಂತೆ. ಅಷ್ಟರಲ್ಲಿ ಯಾರೋ "ಡಾಲ್ಫಿನ್! ಡಾಲ್ಫಿನ್!" ಎಂದು ಕೂಗಿ, ಧಕ್ಕೆಯ ಮೇಲಿದ್ದವರೆಲ್ಲ ಒಂದೇ ಕಡೆಯ ಕಟಕಟೆಗೆ ಮುಗಿಬಿದ್ದರು. ಕಪ್ಪು ಬೆನ್ನೊಂದು ಎದ್ದು ಮುಳುಗಿತು. ತಂಗಿ ಚಪ್ಪಾಳೆ ತಟ್ಟಿದಳು, ಅಕ್ಕನೂ ತಟ್ಟಿದಳು. ಆ ಡಾಲ್ಫಿನ್ ಕೈಗೆ ಸಿಕ್ಕಿದ್ದರೆ ಅವತ್ತು ನಾನು ಅದನ್ನೂ ಹುರಿದು ಹಾಕುತ್ತಿದ್ದೆ.

ಮಧ್ಯಾಹ್ನ ನೀರು ಇಳಿದ ಮೇಲೆ ಮರಳಿಗೆ ಹೋದರು. ತಂಗಿ ಮುಂದೆ ಮುಂದೆ, ಬಗ್ಗಿ ಬಗ್ಗಿ ಚಿಪ್ಪು ಆರಿಸುತ್ತ. ಅಕ್ಕ ಹಿಂದೆ ಹಿಂದೆ, ಒಂದು ಕೈಯಲ್ಲಿ ಚಿಪ್ಪಿನ ಚೀಲ, ಇನ್ನೊಂದರಲ್ಲಿ ತಂಗಿಯ ಚಪ್ಪಲಿ. ಒಂದೊಂದು ಚಿಪ್ಪನ್ನೂ ತಿರುಗಿಸಿ ನೋಡಿ, ಒಳಗೆ ಏಡಿ ಸೇರಿಕೊಂಡಿದ್ದರೆ "ಇದ್ರಲ್ಲಿ ಜೀವ ಇದೆ ಪುಟ್ಟಿ" ಎಂದು ನೀರಿನ ಅಂಚಿಗೆ ಬಿಟ್ಟು ಬರುತ್ತಿದ್ದಳು. ಚಿಕ್ಕವರಿದ್ದಾಗ ಬಿರುಗಾಳಿಯ ಮಾರನೇ ದಿನ ತಾಯಿ ಮಕ್ಕಳು ಮೂವರೂ ಇದೇ ಮರಳಲ್ಲಿ ಒಲೆಗೆ ಕಟ್ಟಿಗೆ ಆರಿಸಿದವರು. ಈಗ ಅದೇ ಬಗ್ಗುವುದಕ್ಕೆ ಜನ ದೂರದಿಂದ ಬಸ್ಸು ಹತ್ತಿ ಬರುತ್ತಾರೆ.

"ನಿನ್ನೆ ರಾತ್ರಿ ಎಂಥ ನಿದ್ದೆ ಗೊತ್ತಾ ಅಕ್ಕ! ಅಲೆ ಶಬ್ದ ಕೇಳ್ತಾ ಕೇಳ್ತಾ ಹಾಗೇ ಹೋಗ್ಬಿಟ್ಟೆ. ನೀನು ಅದೃಷ್ಟವಂತೆ," ಎಂದಳು ತಂಗಿ. ಆಮೇಲೆ ಸುರುಳಿ ಸುರುಳಿಯಾದ ದೊಡ್ಡ ಚಿಪ್ಪೊಂದನ್ನು ಎತ್ತಿ, "ಇದು ಅಮ್ಮನಿಗೆ. ಕಿವಿಗೆ ಹಿಡ್ಕೊಂಡು ಖುಷಿ ಪಡ್ತಾಳೆ," ಎಂದಳು.

ಚಮಚ ಹಿಡಿಯಲಾರದ ಕೈ ಚಿಪ್ಪನ್ನು ಹಿಡಿಯುವುದುಂಟೇ? ಮಾತು ನಾಲಿಗೆಯ ತುದಿಗೆ ಬಂದಿತ್ತಂತೆ. "ಆಯ್ತು," ಎಂದು ಚೀಲಕ್ಕೆ ಹಾಕಿಕೊಂಡಳು.

ಸಂಜೆಗೆ ನಮ್ಮಲ್ಲಿ ಊಟ. ಕಿಟಕಿ ಪಕ್ಕದ ಮೇಜನ್ನು ಯಾರಿಗೂ ಕೊಡದೆ ನಾನೇ ಹಿಡಿದಿಟ್ಟಿದ್ದೆ. ಹೊಸ ಹುಡುಗಿಗೆ ಬಡಿಸಲು ಹೇಳಿದ್ದೆ. ಆಯ್ತಕ್ಕ ಕುರ್ಚಿಯ ತುದಿಯಲ್ಲಿ ಕೂತಳು, ಬೆನ್ನು ಆನಿಸಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಮೇಜಿನ ಕೆಳಗೆ ಇಟ್ಟುಕೊಂಡಳು. ಹುಡುಗಿ ಮೀನು ತಂದಿಟ್ಟರೆ ಅರ್ಧ ಎದ್ದು ತಟ್ಟೆ ಇಸಿದುಕೊಂಡಳು. ತಂಗಿ ಚಪ್ಪರಿಸಿ ತಿಂದಳು. ಇವಳು ಮುಳ್ಳು ಬಿಡಿಸುತ್ತಲೇ ಕುಳಿತಳು. ನಾನು ಒಲೆಯ ಮೇಲೆ ಒಂದು ಕಣ್ಣು, ಕಿಂಡಿಯ ಕಡೆ ಒಂದು ಕಣ್ಣು ಇಟ್ಟಿದ್ದೆ. ಕೇಳೇ, ಕೇಳೇ ಮಾರಾಯ್ತಿ!

ಕೊನೆಗೆ ಬಾಯಿ ತೆರೆದಳು. "ಪುಟ್ಟಿ, ಅಮ್ಮನ ವಿಷಯ..."

ಪಕ್ಕದ ಮೇಜಿನವನು ಫೋನಿನಿಂದ ತಲೆ ಎತ್ತದೆ ಕೈ ಮೇಲೆ ಮಾಡಿದ. "ಇದನ್ನೆಲ್ಲ ತೆಗೀರಿ, ನೀರು ತನ್ನಿ." ಅವನು ಕರೆದದ್ದು ಹೊಸ ಹುಡುಗಿಯನ್ನು. ಎದ್ದದ್ದು ಆಯ್ತಕ್ಕ. ಮಾತು ಅರ್ಧಕ್ಕೇ ಬಿಟ್ಟು, ನೀಲಿ ಬಟ್ಟೆಯಲ್ಲೇ, ಆ ಮೇಜಿನ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ಮೊಣಕೈಯ ಮಡಿಕೆಗೆ ಒರಗಿಸಿಕೊಂಡು ಕಿಂಡಿಗೆ ಬಂದಳು. ಬಂದ ಮೇಲೆಯೇ ತಾನು ಏನು ಮಾಡಿದೆ ಎಂದು ಗೊತ್ತಾಗಿ ಮುಖ ಸಣ್ಣದಾಯಿತು.

"ಬುದ್ಧಿ ಇದೆಯಾ ನಿಂಗೆ? ಇವತ್ತು ನೀನು ಗಿರಾಕಿ! ಹೋಗಿ ಕೂತ್ಕೊಂಡು ಕೇಳು," ಎಂದು ಗದರಿದೆ.

"ಕೂತ್ಕೊಂಡ್ರೆ ಬಾಯೇ ಬರಲ್ಲ ಅಣ್ಣಾ," ಎಂದಳು. ಆಮೇಲೆ ತಟ್ಟೆಗಳನ್ನು ಕೆಳಗಿಡದೆಯೇ ತಿರುಗಿ, ತಂಗಿಯ ಮೇಜಿನ ಮುಂದೆ ಹೋಗಿ ನಿಂತಳು. ದಿನಾ ನಿಲ್ಲುವ ಹಾಗೆಯೇ, ಸ್ವಲ್ಪ ಮುಂದಕ್ಕೆ ಬಾಗಿ.

"ಬೇರೆ ಏನಾದ್ರೂ ಬೇಕಾ?" ಎಂದಳು. ಅಭ್ಯಾಸಕ್ಕೆ ಬಂದ ಮಾತು ಅದು. ಅದರ ಹಿಂದೆಯೇ ಉಳಿದದ್ದೂ ಬಂತು. "ಪುಟ್ಟಿ, ಅಮ್ಮನ್ನ ಕರ್ಕೊಂಡು ಹೋಗ್ತೀಯಾ? ಈ ಚಳಿಗಾಲ ಮುಗಿಯೋ ತನಕ. ನನ್ನ ಕೈಲಿ ಆಗ್ತಿಲ್ಲ. ರಾತ್ರಿ ಕರೆದ್ರೆ ಏಳೋಕಾಗ್ತಿಲ್ಲ."

ತಂಗಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ರಾತ್ರಿ ಕರೀತಾಳಾ?"

"ರಾತ್ರಿಯಿಡೀ."

"ನಿನ್ನೆ ರಾತ್ರೀನೂ?"

"ನಿನ್ನೆ ರಾತ್ರೀನೂ. ನಿಂಗೆ ಎಚ್ಚರ ಆಗ್ಬಾರ್ದು ಅಂತ ನಿನ್ನ ಕೋಣೆ ಬಾಗಿಲು ಹಾಕಿದ್ದೆ."

ತಂಗಿ ಅಕ್ಕನ ಮುಖ ನೋಡಿದಳು. ಬಂದಾಗಿನಿಂದ ಹಕ್ಕಿ, ಡಾಲ್ಫಿನ್, ಚಿಪ್ಪು ಎಲ್ಲ ನೋಡಿದ್ದಳು, ಅಕ್ಕನ ಮುಖವನ್ನು ನೋಡಿದ್ದು ಆಗಲೇ ಇರಬೇಕು. ಎದ್ದು ಬಂದು ಅವಳ ತೋಳಿನಿಂದ ತಟ್ಟೆಗಳನ್ನು ತೆಗೆದುಕೊಂಡಳು. "ಕೂತ್ಕೋ," ಎಂದಳು. ಆಯ್ತಕ್ಕ ಕೂತಳು. ಬೆನ್ನು ಆನಿಸಿದಳು.

"ಇವನ್ನ ಎಲ್ಲಿಡ್ಲಿ ಅಣ್ಣ?" ತಂಗಿ ಕಿಂಡಿಗೆ ಬಂದಿದ್ದಳು. ಮೇಲಿದ್ದ ಗಾಜಿನ ಲೋಟ ಜಾರಿ ಬಿದ್ದು ಚೂರಾಯಿತು. ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕತ್ತು ಉದ್ದ ಮಾಡಿದರು, ನಾನು ಕಣ್ಣು ಬಿಟ್ಟೆ, ಅವರು ಕತ್ತು ಒಳಗೆಳೆದುಕೊಂಡರು.

"ಅಮ್ಮ ರಾತ್ರಿ ಏನು ತಿಂತಾಳೆ?" ಎಂದು ತಂಗಿ ಕೇಳಿದಳು.

ನನಗೆ ಸಿಟ್ಟು ನೆತ್ತಿಗೇರಿತು. ಹೆತ್ತ ತಾಯಿ ಏನು ತಿನ್ನುತ್ತಾಳೆಂದು ಹೋಟೆಲಿನ ಅಡುಗೆಯವನನ್ನು ಕೇಳುವುದೇ? ಬೈಯಲು ಬಾಯಿ ತೆರೆದವನು ಅವಳ ಕಣ್ಣು ನೋಡಿ ಸುಮ್ಮನಾದೆ. ನಾನು ಬೈಯಬೇಕಾದದ್ದನ್ನೆಲ್ಲ ಅವಳು ತನಗೆ ತಾನೇ ಬೈದುಕೊಂಡಾಗಿತ್ತು. ಡಬ್ಬಿ ಕೊಟ್ಟೆ. ಸ್ವಲ್ಪ ಸ್ವಲ್ಪವೇ ಕೊಡಬೇಕು, ತಲೆ ಎತ್ತಿ ಹಿಡಿಯಬೇಕು, ಗಂಟಲಿಗೆ ಇಳಿಯಿತೇ ಎಂದು ನೋಡಿ ಇನ್ನೊಂದು ತುತ್ತು ಇಡಬೇಕು ಎಂದೆ. ಅವಳು ಪಾಠ ಒಪ್ಪಿಸುವವಳ ಹಾಗೆ ಒಂದೊಂದಕ್ಕೂ ತಲೆಯಾಡಿಸಿದಳು.

"ಅಕ್ಕನ್ನ ಕರೀಲಾ?" ಎಂದೆ. ಇಬ್ಬರೂ ತಿರುಗಿ ನೋಡಿದೆವು. ಆಯ್ತಕ್ಕ ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋಗಿದ್ದಳು, ಬಾಯಿ ತುಸು ತೆರೆದಿತ್ತು.

"ಬೇಡ, ಎಬ್ಬಿಸ್ಬೇಡಿ. ಎದ್ರೆ ಹೇಳಿ, ಕರ್ಕೊಂಡು ಹೋಗ್ತೀನಿ ಅಂತ. ನಮ್ಮ ಮನೆಯವರನ್ನ ಒಪ್ಪಿಸೋದು ನನ್ನ ತಲೆನೋವು." ಸೆರಗಿನಲ್ಲಿ ಮೂಗು ಒರೆಸಿಕೊಂಡು, ಡಬ್ಬಿ ಎದೆಗೆ ಹಿಡಿದು, ಚಿಪ್ಪಿನ ಚೀಲವನ್ನು ಮರೆತು ಹೊರಟುಹೋದಳು.

ಹೊರಗೆ ದೀಪ ಹತ್ತುವ ಹೊತ್ತಿಗೆ ಆಯ್ತಕ್ಕನಿಗೆ ಎಚ್ಚರವಾಯಿತು. ಎದುರಿನ ಖಾಲಿ ಕುರ್ಚಿ ನೋಡಿ ಗಾಬರಿಯಾದಳು.

"ಅಣ್ಣಾ, ನಾನು ಕೇಳಿದ್ನಾ? ಇಲ್ಲಾ ಕನಸಾ?"

"ಕೇಳ್ದೆ."

"ಏನಂದ್ಲು?"

"ಕರ್ಕೊಂಡು ಹೋಗ್ತಾಳಂತೆ. ಡಬ್ಬಿ ತಗೊಂಡು ಆಗ್ಲೇ ಮನೆಗೆ ಹೋದ್ಲು."

ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. "ಬಸ್ಸಿನಲ್ಲಿ ಅಮ್ಮನಿಗೆ ತಲೆ ಸುತ್ತುತ್ತೆ," ಎಂದಳು. ಆಮೇಲೆ, "ಹಾಗಾದ್ರೆ ರಾತ್ರಿ ನಾನು ಏನು ಮಾಡ್ಲಿ?" ಎಂದಳು.

"ಮಲ್ಕೋ," ಎಂದೆ.

ಮೇಜಿನ ಮೇಲಿನ ತಟ್ಟೆಗೆ ಅವಳ ಕೈ ಹೋಯಿತು. ನಾನು ಅದನ್ನು ಎಳೆದುಕೊಂಡೆ. ಅವಳು ಕೈಯನ್ನು ಮತ್ತೆ ಮಡಿಲಲ್ಲಿಟ್ಟುಕೊಂಡು, ಇನ್ನೂ ಬಾಗಿಲು ಮುಚ್ಚದ ನಮ್ಮ ಹೋಟೆಲಿನ ಸುತ್ತ ಒಮ್ಮೆ ನೋಡಿದಳು.

"ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಕೂತಿರ್ಲಾ ಅಣ್ಣ?" ಎಂದು ಕೇಳಿದಳು.